ಕೆಲಸದಲ್ಲಿ ಹುರುಪು ಕುಂದಿದವರನ್ನು ಗುರುತಿಸುವುದು ಹೇಗೆ? ಆಮೇಲೆ ಏನು ಮಾಡಬೇಕು?

ನಿಮ್ಮ ಕೈಕೆಳಗೆ ಮೂರು ಜನ ಇರಲಿ, ಮೂವತ್ತು ಜನ ಇರಲಿ, ಒಂದಲ್ಲ ಒಂದು ದಿನ ಈ ಪರಿಸ್ಥಿತಿ ಎದುರಾಗುತ್ತದೆ. ಚೆನ್ನಾಗಿ ಕೆಲಸ ಮಾಡುತ್ತಿದ್ದವರೊಬ್ಬರು ಈಗ ಸುಮ್ನೆ ದಿನ ದೂಡುತ್ತಿದ್ದಾರೆ. ಕೆಲಸ ನಿಂತಿಲ್ಲ, ದೊಡ್ಡ ತಪ್ಪೂ ಆಗಿಲ್ಲ. ಆದರೆ ಮೊದಲಿನ ಹುರುಪು ಕಾಣುತ್ತಿಲ್ಲ. "ಇವರಿಗೆ ಏನಾಯಿತು?" ಎಂದು ನಾವು ಕೇಳಿಕೊಳ್ಳುತ್ತೇವೆ. "ಇವರ ಕೆಲಸಕ್ಕೆ ಏನಾಯಿತು?" ಎಂದು ಕೇಳಿಕೊಂಡರೆ ಉತ್ತರ ಬೇಗ ಸಿಗುತ್ತದೆ.

ಹೊಸದಾಗಿ ಕೆಲಸಕ್ಕೆ ಸೇರಿದವರನ್ನು ನೋಡಿ. ಬಹುತೇಕ ಎಲ್ಲರೂ ಉತ್ಸಾಹದಿಂದಲೇ ಬರುತ್ತಾರೆ. ಅದು ಎಲ್ಲೋ ನಡುವೆ ಸೋರಿ ಹೋಗುತ್ತದೆ. ಎಲ್ಲಿ ಸೋರಿತು ಅಂತ ಹುಡುಕುವುದು, ಆ ಜಾಗವನ್ನು ಸರಿಮಾಡುವುದು ತಂಡ ನಡೆಸುವವರ ಕೆಲಸ. ಭಾಷಣ, ಪಾರ್ಟಿ, ಗೋಡೆ ಮೇಲಿನ ಪೋಸ್ಟರ್ ಇದಕ್ಕೆ ಸಾಲುವುದಿಲ್ಲ. ಹೇಗೆ ಮುಂದುವರಿಯಬೇಕು ಅಂತ ಹಂತ ಹಂತವಾಗಿ ನೋಡೋಣ.

ಹಂತ 1: ಅವರನ್ನು ಅವರ ಜೊತೆಗೇ ಹೋಲಿಸಿ ನೋಡಿ

ಹುರುಪಿಗೆ ಎಲ್ಲರಿಗೂ ಒಂದೇ ಅಳತೆಗೋಲು ಇಲ್ಲ. ಕೆಲವರದು ಮೊದಲಿಂದಲೂ ಮಾತು ಕಡಿಮೆ. ಕೆಲವರು ಸಂಜೆ ಗಂಟೆ ಹೊಡೆದ ಹಾಗೆ ಎದ್ದು ಹೋಗುತ್ತಾರೆ, ಆದರೆ ಹಗಲಿಡೀ ಚೊಕ್ಕವಾಗಿ ದುಡಿದಿರುತ್ತಾರೆ. ಇವು ಯಾವುವೂ ಆಸಕ್ತಿ ಕುಂದಿದ ಲಕ್ಷಣಗಳಲ್ಲ. ಪಕ್ಕದ ಸೀಟಿನವರ ಜೊತೆ ಹೋಲಿಸಬೇಡಿ. ಆರು ತಿಂಗಳ ಹಿಂದೆ ಇವರು ಹೇಗಿದ್ದರು, ಈಗ ಹೇಗಿದ್ದಾರೆ, ಅಷ್ಟೇ ನೋಡಿ.

ಗಮನಿಸಬೇಕಾದ ಬದಲಾವಣೆಗಳು ಹೀಗಿರುತ್ತವೆ. ಮುಂಚೆ ಪ್ರಶ್ನೆ ಕೇಳುತ್ತಿದ್ದವರು ಈಗ ಹೇಳಿದ್ದಕ್ಕೆಲ್ಲ "ಆಯ್ತು" ಅನ್ನುತ್ತಾರೆ. ತಾವಾಗಿಯೇ ಕೆಲಸ ವಹಿಸಿಕೊಳ್ಳುತ್ತಿದ್ದವರು ಹೆಸರು ಕರೆಯುವವರೆಗೂ ಸುಮ್ಮನಿರುತ್ತಾರೆ. ಗಡುವಿನ ಹಿಂದಿನ ದಿನ ಮುಗಿಯುತ್ತಿದ್ದ ಕೆಲಸ ಈಗ ಗಡುವಿನ ಕೊನೆ ಗಂಟೆಗೆ ಬರುತ್ತದೆ. ಒಮ್ಮೆ ತಿರುಗಿ ನೋಡಿದ್ದರೆ ಸಿಗುತ್ತಿದ್ದ ಸಣ್ಣ ತಪ್ಪುಗಳು ಹಾಗೇ ಉಳಿದಿರುತ್ತವೆ. ಒಂದೊಂದು ದಿನದ ರಜೆ ಜಾಸ್ತಿಯಾಗುತ್ತದೆ. ಹೊಸದಾಗಿ ಬಂದವರಿಗೆ ಕೆಲಸ ಕಲಿಸುವುದನ್ನು ನಿಲ್ಲಿಸುತ್ತಾರೆ.

ಇವುಗಳಲ್ಲಿ ನಾನು ಎಲ್ಲಕ್ಕಿಂತ ಗಂಭೀರವಾಗಿ ನೋಡುವುದು ಒಂದನ್ನು: ವಾದ ಮಾಡುತ್ತಿದ್ದವರು ವಾದ ನಿಲ್ಲಿಸುವುದು. ತುಂಬಾ ಮ್ಯಾನೇಜರ್‌ಗಳಿಗೆ ಇದು ನೆಮ್ಮದಿ ಅನ್ನಿಸುತ್ತದೆ. "ಈಗ ದಾರಿಗೆ ಬಂದರು" ಅಂದುಕೊಳ್ಳುತ್ತಾರೆ. ನಿಜದಲ್ಲಿ ಆ ವ್ಯಕ್ತಿ "ಹೇಳಿ ಪ್ರಯೋಜನ ಇಲ್ಲ" ಎಂಬ ತೀರ್ಮಾನಕ್ಕೆ ಬಂದಿರಬಹುದು. ಗೊಣಗುವವರಿಗೆ ಇನ್ನೂ ಏನೋ ಸರಿಯಾಗಬೇಕು ಎಂಬ ಆಸೆ ಇದೆ. ಗೊಣಗುವುದನ್ನೂ ಬಿಟ್ಟವರ ಬಗ್ಗೆ ಬೇಗ ಗಮನ ಕೊಡಿ.

ಇನ್ನೊಂದು ಲಕ್ಷಣ ಕಣ್ಣಿಗೆ ಬೀಳುವುದು ಕಷ್ಟ. ಕೆಲವರು ರಾತ್ರಿಯವರೆಗೂ ಕೂತಿರುತ್ತಾರೆ, ಎಲ್ಲ ಮೆಸೇಜ್‌ಗೂ ತಕ್ಷಣ ಉತ್ತರ ಕೊಡುತ್ತಾರೆ. ಆದರೆ ಕೆಲಸ ಮುಂದೆ ಹೋಗುವುದಿಲ್ಲ. ಸೀಟಿನಲ್ಲಿ ಕೂತಿದ್ದಾರೆ ಅಂದ ಮಾತ್ರಕ್ಕೆ ಮನಸ್ಸೂ ಅಲ್ಲೇ ಇದೆ ಅಂತ ಹೇಳಲಾಗದು.

ಇಡೀ ತಂಡದ ಹುರುಪು ಕುಂದಿದ್ದರೆ ಅದು ಬೇರೆ ಥರ ಕಾಣುತ್ತದೆ. ಮೀಟಿಂಗ್‌ನಲ್ಲಿ ಎಲ್ಲರೂ ಮೌನ, ಮೀಟಿಂಗ್ ಮುಗಿದ ಮೇಲೆ ಗುಂಪು ಗುಂಪಾಗಿ ನಿಜವಾದ ಮಾತು. ಬೇರೆ ವಿಭಾಗಕ್ಕೆ ಹಾಕಿ ಎಂಬ ಕೋರಿಕೆಗಳು. ಒಬ್ಬರು ರಾಜೀನಾಮೆ ಕೊಟ್ಟ ಕೆಲವೇ ವಾರಗಳಲ್ಲಿ ಇನ್ನೊಬ್ಬರು. ಹೀಗಾದಾಗ ಒಬ್ಬೊಬ್ಬರನ್ನೇ ಕರೆದು ಬುದ್ಧಿ ಹೇಳಿ ಫಲವಿಲ್ಲ. ತಂಡ ನಡೆಯುವ ರೀತಿಯಲ್ಲೇ ಏನೋ ಕೆಟ್ಟಿದೆ.

ಒಂದೆರಡು ಕೆಟ್ಟ ದಿನ ಯಾರಿಗಾದರೂ ಬರುತ್ತವೆ. ಮೂರ್ನಾಲ್ಕು ವಾರ ಅದೇ ಬದಲಾವಣೆ ಮುಂದುವರಿದರೆ ಮುಂದಿನ ಹಂತಕ್ಕೆ ಹೋಗಿ. ಕಂಡದ್ದನ್ನು ಚಿಕ್ಕದಾಗಿ ಬರೆದಿಟ್ಟುಕೊಳ್ಳಿ, ಏನು ಕಂಡಿತು, ಯಾವಾಗಿಂದ ಅಂತ ಮಾತ್ರ. "ಸೋಮಾರಿಯಾಗಿದ್ದಾರೆ" ಅಂತ ಬರೆದರೆ ಅದು ನಿಮ್ಮ ತೀರ್ಪು. "ಕಳೆದ ಮೂರು ವರದಿಗಳೂ ತಡವಾಗಿ ಬಂದವು" ಅಂದರೆ ಅದು ನೀವು ಕಂಡದ್ದು.

ಹಂತ 2: ಬೇಸರವೋ, ದಣಿವೋ, ಬೇರೆ ಇನ್ನೇನೋ?

ಹೊರಗಿನಿಂದ ಒಂದೇ ಥರ ಕಂಡರೂ ಒಳಗೆ ಬೇರೆ ಬೇರೆ ಕಾರಣ ಇರಬಹುದು. ಇಲ್ಲಿ ಎಡವಿದರೆ ಕೊಟ್ಟ ಪರಿಹಾರವೇ ಹೊರೆಯಾಗುತ್ತದೆ.

ಕೆಲಸ ಸಪ್ಪೆಯಾಗಿ ಬೇಸತ್ತವರಿಗೆ ಹೊಸ ಸವಾಲು ಬೇಕು. ಕೆಲಸದ ಭಾರಕ್ಕೆ ಕುಸಿದವರಿಗೆ ಅದೇ ಹೊಸ ಸವಾಲು ಕೊಟ್ಟರೆ ಅವರು ಇನ್ನಷ್ಟು ಕುಸಿಯುತ್ತಾರೆ. ಕೆಲಸದ ಒತ್ತಡದಿಂದ ಬರುವ ಈ ಬಳಲಿಕೆಯನ್ನು ಬರ್ನ್‌ಔಟ್ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಕೊಟ್ಟಿತು: ಶಕ್ತಿಯೇ ಬತ್ತಿದ ಹಾಗೆ ಅನ್ನಿಸುವುದು, ಕೆಲಸದಿಂದ ಮನಸ್ಸು ದೂರ ಸರಿಯುವುದು ಅಥವಾ ಅದರ ಬಗ್ಗೆ ಕಹಿ ಹುಟ್ಟುವುದು, ತನ್ನ ಕೈಯಲ್ಲಿ ಕೆಲಸ ಆಗುತ್ತಿಲ್ಲ ಅನ್ನಿಸುವುದು. ಸಂಸ್ಥೆ ಇದನ್ನು ಕಾಯಿಲೆ ಎಂದು ಕರೆದಿಲ್ಲ. ಸರಿಯಾಗಿ ನಿಭಾಯಿಸದ, ಬಹುಕಾಲದ ಕೆಲಸದ ಒತ್ತಡದಿಂದ ಬರುವಂಥದ್ದು ಎಂದಿದೆ. ಅಂದರೆ ಒತ್ತಡ ಕಡಿಮೆ ಮಾಡದೆ ಯೋಗ ತರಗತಿ ಇಟ್ಟರೆ ಸಮಸ್ಯೆ ಇದ್ದಲ್ಲೇ ಇರುತ್ತದೆ.

ಮೂರನೆಯದು, ಕೆಲಸ ಬಾರದಿರುವುದು. ಹೊಸ ಸಾಫ್ಟ್‌ವೇರ್ ಬಂದಿದೆ, ಹೊಸ ಜವಾಬ್ದಾರಿ ಬಂದಿದೆ, ಕೇಳಿದರೆ ಮರ್ಯಾದೆ ಹೋಗುತ್ತದೆ ಎಂಬ ಭಯ. ಅನುಭವಿಗಳಲ್ಲಿ ಇದು ಜಾಸ್ತಿ. ಅವರು ಕೆಲಸ ಮುಂದೂಡುತ್ತಾರೆ, ನೋಡುವವರಿಗೆ ಆಸಕ್ತಿ ಇಲ್ಲ ಅನ್ನಿಸುತ್ತದೆ. ಬೇಕಾಗಿರುವುದು ನಾಲ್ಕು ದಿನ ಪಕ್ಕದಲ್ಲಿ ಕೂತು ಕಲಿಸುವವರು, ಅಷ್ಟೇ.

ನಾಲ್ಕನೆಯದು ಕೆಲಸದ ಹೊರಗಿನದು. ಮನೆಯಲ್ಲಿ ಕಾಯಿಲೆ, ಸಾಲ, ಸಾವು, ಸಂಬಂಧದ ತೊಂದರೆ. ಅವರೇ ಹೇಳಿದರೆ ಕೇಳಿಸಿಕೊಳ್ಳಿ, ಕೆದಕಬೇಡಿ. ಕೆಲಸದ ಸಮಯದಲ್ಲಿ ಸ್ವಲ್ಪ ಸಡಿಲಿಕೆ ಕೊಟ್ಟರೆ ಅದೇ ದೊಡ್ಡ ಸಹಾಯ. ಎರಡು ವಾರಕ್ಕೂ ಜಾಸ್ತಿ ಕಾಲ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ, ಊಟ ಸೇರುತ್ತಿಲ್ಲ ಅಂತ ಅವರು ಹೇಳಿಕೊಂಡರೆ ಅದು ಖಿನ್ನತೆ ಇರಬಹುದು. ಅದನ್ನು ತೀರ್ಮಾನಿಸುವುದು ವೈದ್ಯರ ಕೆಲಸ. ನೀವು ಮಾಡಬೇಕಾದದ್ದು ವೈದ್ಯರನ್ನು ಕಾಣಲು ಹೇಳುವುದು, ಅದಕ್ಕೆ ಬೇಕಾದ ರಜೆಯನ್ನು ಪ್ರಶ್ನೆ ಕೇಳದೆ ಕೊಡುವುದು. ಬದುಕುವುದೇ ಬೇಡ ಎಂಬಂಥ ಮಾತು ಬಂದರೆ ತಡ ಮಾಡಬೇಡಿ. ಅವರನ್ನು ಒಂಟಿಯಾಗಿ ಬಿಡದೆ ಆಗಲೇ ವೈದ್ಯಕೀಯ ನೆರವು ಸಿಗುವಂತೆ ಮಾಡಿ.

ಹಂತ 3: ಕೂತು ಮಾತಾಡಿ

ಇಡೀ ಪ್ರಕ್ರಿಯೆಯಲ್ಲಿ ಹೆಚ್ಚು ಫಲ ಕೊಡುವುದು ಇದೇ ಹಂತ. ಹೆಚ್ಚು ಜನ ಹಾಳು ಮಾಡಿಕೊಳ್ಳುವುದೂ ಇಲ್ಲೇ. ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಸಮಯ, ಜಾಗ. ವಾರ್ಷಿಕ ರಿವ್ಯೂ ದಿನ ಈ ಮಾತು ಬೇಡ. ಇನ್ಕ್ರಿಮೆಂಟ್ ತಲೆಯಲ್ಲಿ ಓಡುತ್ತಿರುವಾಗ ಯಾರೂ ನಿಜ ಹೇಳುವುದಿಲ್ಲ. ಇಬ್ಬರೇ ಇರಬೇಕು. ಎಚ್‌ಆರ್‌ನವರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಅದು ವಿಚಾರಣೆಯಾಗುತ್ತದೆ. ಅರ್ಧ ಗಂಟೆಗೆ ಕರೆದು, ಒಂದು ಗಂಟೆ ಖಾಲಿ ಇಟ್ಟುಕೊಳ್ಳಿ. ಫೋನ್ ಬದಿಗಿಡಿ. ಕರೆಯುವಾಗಲೇ ವಿಷಯ ಹೇಳಿ: "ಕೆಲಸ ಹೇಗೆ ನಡೀತಿದೆ ಅಂತ ಮಾತಾಡೋಣ, ಗಾಬರಿ ಪಡುವಂಥದ್ದು ಏನೂ ಇಲ್ಲ." "ನಾಳೆ ಒಮ್ಮೆ ಬಂದು ನೋಡಿ" ಎಂದಷ್ಟೇ ಕಳಿಸಿದರೆ ಆ ರಾತ್ರಿ ಅವರು ನಿದ್ದೆ ಮಾಡುವುದಿಲ್ಲ.

ಶುರು ಮಾಡುವಾಗ ಕಂಡದ್ದನ್ನು ಹೇಳಿ, ಕಾರಣವನ್ನು ನೀವೇ ಊಹಿಸಬೇಡಿ. "ಯಾಕೆ ಇಷ್ಟು ಡಲ್ ಆಗಿದ್ದೀರಿ?" ಅಂದರೆ ಎದುರಿನವರು ತಮ್ಮನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. ಬದಲಿಗೆ ಹೀಗೆ ಹೇಳಬಹುದು: "ಮುಂಚೆ ಪ್ಲಾನಿಂಗ್ ಮೀಟಿಂಗ್‌ನಲ್ಲಿ ನೀವೇ ಜಾಸ್ತಿ ಮಾತಾಡ್ತಿದ್ರಿ. ಎರಡು ತಿಂಗಳಿಂದ ಸುಮ್ಮನಿದ್ದೀರಿ. ಕೆಲಸದಲ್ಲಿ ಏನಾದ್ರೂ ಬದಲಾಗಿದೆಯಾ?" ಇಷ್ಟು ಹೇಳಿ ಸುಮ್ಮನಾಗಿ. ಮೌನವನ್ನು ನೀವೇ ತುಂಬಬೇಡಿ.

ಮೊದಲ ಉತ್ತರ ಬಹುತೇಕ "ಏನಿಲ್ಲ ಸರ್, ಎಲ್ಲ ಸರಿಯಾಗಿದೆ" ಅಂತಲೇ ಇರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ. ನೌಕರಿ ಕೊಟ್ಟವರ ಮುಂದೆ ಕೂತವರು ಮೊದಲು ತಮ್ಮನ್ನು ಕಾಪಾಡಿಕೊಳ್ಳುವುದು ಸಹಜ, ಅಲ್ವಾ? ಆಗ ಉತ್ತರಿಸಲು ಸುಲಭವಾದ, ಸಣ್ಣ ಪ್ರಶ್ನೆಗಳಿಗೆ ಬನ್ನಿ.

ಈಗ ಮಾಡುತ್ತಿರುವುದರಲ್ಲಿ ಯಾವ ಕೆಲಸ ಸುಮ್ನೆ ಸಮಯ ತಿನ್ನುತ್ತಿದೆ?
ಈಚೆಗೆ ಯಾವ ದಿನ "ಇವತ್ತು ಒಳ್ಳೆ ಕೆಲಸ ಆಯ್ತು" ಅನ್ನಿಸಿತು? ಆ ದಿನ ಏನು ಮಾಡಿದ್ದಿರಿ?
ಯಾವ ತೀರ್ಮಾನಕ್ಕೆ ನನ್ನನ್ನು ಕೇಳದೆ ನೀವೇ ಮುಂದುವರಿಯುವ ಹಾಗಿರಬೇಕಿತ್ತು?
ನಾನು ಯಾವುದನ್ನು ಮಾಡುವುದು ನಿಲ್ಲಿಸಿದರೆ ನಿಮ್ಮ ಕೆಲಸ ಸುಲಭವಾಗುತ್ತದೆ?

ಕೊನೆಯ ಪ್ರಶ್ನೆ ಕೇಳಲು ಧೈರ್ಯ ಬೇಕು. ಉತ್ತರ ಕೇಳಲು ಇನ್ನೂ ಜಾಸ್ತಿ ಧೈರ್ಯ ಬೇಕು. "ನೀವು ಪ್ರತಿ ಮೇಲ್ ಅನ್ನೂ ತಿದ್ದುತ್ತೀರಿ, ಹಾಗಾಗಿ ನಾನು ಮೊದಲಿಂದಲೇ ಗಮನ ಕೊಡುವುದನ್ನು ಬಿಟ್ಟೆ" ಅಂತ ಅವರು ಹೇಳಬಹುದು. ಆಗ "ಅದು ಯಾಕೆ ಅಂದ್ರೆ..." ಅಂತ ಶುರು ಮಾಡಿದಿರೋ, ಮಾತುಕತೆ ಅಲ್ಲಿಗೆ ಮುಗಿಯಿತು. ಅವರು ಇನ್ನೊಮ್ಮೆ ನಿಜ ಹೇಳುವುದಿಲ್ಲ. "ಹೇಳಿದ್ದು ಒಳ್ಳೆಯದಾಯಿತು, ಯೋಚನೆ ಮಾಡ್ತೀನಿ" ಅನ್ನಿ. ನಿಜವಾಗಲೂ ಯೋಚನೆ ಮಾಡಿ.

ಅವರ ಮಾತನ್ನು ಅವರದೇ ಪದಗಳಲ್ಲಿ ಬರೆದುಕೊಳ್ಳಿ, ಬರೆದದ್ದನ್ನು ಓದಿ ಹೇಳಿ ಸರಿಯೇ ಎಂದು ಕೇಳಿ. ನಿಮ್ಮ ಕೈಯಲ್ಲಿ ಇಲ್ಲದ ಪ್ರಮೋಷನ್, ಸಂಬಳದ ಆಸೆ ಹುಟ್ಟಿಸಬೇಡಿ. ಇಲ್ಲಿ ಆಡಿದ ಮಾತು ಕಾರಿಡಾರ್‌ನಲ್ಲಿ ಕೇಳಿಬಂದರೆ ತಂಡದಲ್ಲಿ ಯಾರೂ ಮತ್ತೆ ನಿಮ್ಮ ಮುಂದೆ ಬಾಯಿ ಬಿಡುವುದಿಲ್ಲ.

ಹಂತ 4: ಕಾರಣ ಎಲ್ಲಿದೆ ಅಂತ ಹುಡುಕಿ

ಅಮೆರಿಕದ ಮನಶ್ಶಾಸ್ತ್ರಜ್ಞ ಫ್ರೆಡರಿಕ್ ಹರ್ಜ್‌ಬರ್ಗ್ ಮತ್ತು ಜೊತೆಗಾರರು ಸುಮಾರು 200 ಎಂಜಿನಿಯರ್‌, ಅಕೌಂಟೆಂಟ್‌ಗಳನ್ನು ಮಾತಾಡಿಸಿ 1959ರಲ್ಲಿ ಒಂದು ವಿಚಾರ ಮುಂದಿಟ್ಟರು. ಸಂಬಳ, ಕಂಪನಿಯ ನಿಯಮ, ಮೇಲಿನವರ ನಡವಳಿಕೆ, ಕೆಲಸದ ಜಾಗ, ಇವು ಕೆಟ್ಟಿದ್ದರೆ ಜನ ಅಸಮಾಧಾನಗೊಳ್ಳುತ್ತಾರೆ. ಆದರೆ ಇವು ಸರಿ ಇದ್ದ ಮಾತ್ರಕ್ಕೆ ಉತ್ಸಾಹ ಹುಟ್ಟುವುದಿಲ್ಲ. ಉತ್ಸಾಹ ಬರುವುದು ಸಾಧಿಸಿದ ಭಾವನೆ, ಗುರುತಿಸುವಿಕೆ, ಕೆಲಸದ ಗುಣ, ಜವಾಬ್ದಾರಿ, ಬೆಳವಣಿಗೆಯಿಂದ. ಈ ವಿಂಗಡಣೆಯನ್ನು ಆಮೇಲೆ ಹಲವರು ಪ್ರಶ್ನಿಸಿದ್ದಾರೆ. ಒಳ್ಳೆಯದಾದರೆ ತನ್ನಿಂದ, ಕೆಟ್ಟದ್ದಾದರೆ ಸುತ್ತಲಿನವರಿಂದ ಅನ್ನುವುದು ಮನುಷ್ಯನ ಸ್ವಭಾವ ತಾನೆ ಎಂಬುದು ಒಂದು ಆಕ್ಷೇಪ. ಆದರೂ ಯಾವುದನ್ನು ಮೊದಲು ಸರಿಮಾಡಬೇಕು ಅನ್ನುವುದಕ್ಕೆ ಇದು ಒಳ್ಳೆಯ ದಾರಿ ತೋರಿಸುತ್ತದೆ. ಸಂಬಳ ಸರಿಯಾದ ದಿನಕ್ಕೆ ಬಾರದ ಕಡೆ "ಅರ್ಥಪೂರ್ಣ ಕೆಲಸ"ದ ಬಗ್ಗೆ ಮಾತಾಡುವುದು ಅವಮಾನ ಮಾಡಿದ ಹಾಗೆ.

ಹಾಗಾಗಿ ಮೊದಲು ನ್ಯಾಯದ ಪ್ರಶ್ನೆ ನೋಡಿ. 1960ರ ದಶಕದಲ್ಲಿ ಮನಶ್ಶಾಸ್ತ್ರಜ್ಞ ಜಾನ್ ಸ್ಟೇಸಿ ಆಡಮ್ಸ್ ಹೇಳಿದ್ದು ಇವತ್ತಿಗೂ ಪ್ರತಿ ಆಫೀಸಿನಲ್ಲಿ ಕಾಣುತ್ತದೆ. ಜನ ತಮ್ಮ ದುಡಿಮೆಗೆ ಸಿಕ್ಕಿದ್ದನ್ನು ಇನ್ನೊಬ್ಬರ ದುಡಿಮೆಗೆ ಸಿಕ್ಕಿದ್ದರ ಜೊತೆ ತೂಗಿ ನೋಡುತ್ತಾರೆ. ತೂಕ ತಪ್ಪಿದೆ ಅನ್ನಿಸಿದರೆ, ದುಡಿಮೆ ಕಡಿಮೆ ಮಾಡಿ ಸರಿದೂಗಿಸುತ್ತಾರೆ. ಐದು ವರ್ಷದಿಂದ ಇರುವವರಿಗಿಂತ ನಿನ್ನೆ ಬಂದವರಿಗೆ ಜಾಸ್ತಿ ಸಂಬಳ, ಎರಡು ಜನರ ಕೆಲಸ ಒಬ್ಬರ ತಲೆ ಮೇಲೆ, ಒಬ್ಬರು ಮಾಡಿದ್ದು ಇನ್ನೊಬ್ಬರ ಹೆಸರಲ್ಲಿ. ಇಂಥದ್ದು ಇದ್ದರೆ ಬೇರೆ ಯಾವ ಪ್ರಯತ್ನವೂ ನಿಲ್ಲುವುದಿಲ್ಲ. ನಿಮ್ಮಿಂದ ಸರಿಮಾಡಲು ಆಗದಿದ್ದರೆ ಮೇಲಿನವರ ಹತ್ತಿರ ಅವರ ಪರವಾಗಿ ವಾದಿಸಿ, ಏನಾಯಿತು ಅಂತ ಬಂದು ಹೇಳಿ.

ಆಮೇಲೆ ಕೆಲಸದ ಒಳಗೆ ನೋಡಿ. ಮನಶ್ಶಾಸ್ತ್ರಜ್ಞರಾದ ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಬೆಳೆಸಿದ ಸಿದ್ಧಾಂತದ ಪ್ರಕಾರ ಒಳಗಿನಿಂದ ಹುಟ್ಟುವ ಆಸಕ್ತಿಗೆ ಮೂರು ಬೇಕು. ತನ್ನ ಕೆಲಸದಲ್ಲಿ ತನ್ನ ಮಾತು ನಡೆಯಬೇಕು, ಕೈ ಪಳಗುತ್ತಿದೆ ಅನ್ನಿಸಬೇಕು, ಸುತ್ತ ತನ್ನವರು ಇದ್ದಾರೆ ಅನ್ನಿಸಬೇಕು. ನೀವು ಬರೆದುಕೊಂಡ ಮಾತುಗಳನ್ನು ಈ ಮೂರರ ಪಕ್ಕ ಇಟ್ಟು ನೋಡಿ. ಯಾವುದು ಕಡಿಮೆಯಾಗಿದೆ ಅಂತ ಸಾಮಾನ್ಯವಾಗಿ ಅಲ್ಲೇ ಕಾಣುತ್ತದೆ.

ಹಂತ 5: ಒಂದೇ ವಾರದಲ್ಲಿ ಒಂದು ವಿಷಯ ಬದಲಾಯಿಸಿ

ದೊಡ್ಡ ಯೋಜನೆ ಬೇಡ. ಅವರು ಹೇಳಿದ್ದರಲ್ಲಿ ನಿಮ್ಮ ಕೈಯಲ್ಲೇ ಇರುವ ಒಂದನ್ನು ಆರಿಸಿ, ಏಳು ದಿನದೊಳಗೆ ಮಾಡಿ ತೋರಿಸಿ. ಯಾರೂ ಓದದ ವಾರದ ವರದಿ ಇದ್ದರೆ ಅದನ್ನು ನಿಲ್ಲಿಸಿ. ಮೂರು ಸಹಿ ಬೇಕಾದಲ್ಲಿ ಒಂದು ಸಹಿ ತೆಗೆಯಿರಿ. ತಿಂಗಳಿಂದ ಹಾಳಾಗಿರುವ ಪ್ರಿಂಟರ್ ಬದಲಾಯಿಸಿ. "ಹೇಳಿದರೆ ಕೆಲಸ ಆಗುತ್ತದೆ" ಎಂಬ ನಂಬಿಕೆ ಹುಟ್ಟಿದರೆ ಉಳಿದ ಮಾತು ತಾನಾಗಿ ಹೊರಬರುತ್ತದೆ.

ಸಣ್ಣ ಅಡ್ಡಿ ತೆಗೆಯುವುದು ಸಣ್ಣ ವಿಷಯ ಅಂತ ತಿಳಿಯಬೇಡಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕಿ ತೆರೇಸಾ ಅಮಾಬಿಲೆ ಮತ್ತು ಮನಶ್ಶಾಸ್ತ್ರಜ್ಞ ಸ್ಟೀವನ್ ಕ್ರೇಮರ್ 7 ಕಂಪನಿಗಳ 238 ಜನ ಬರೆದ ಸುಮಾರು 12,000 ದಿನಚರಿ ಟಿಪ್ಪಣಿಗಳನ್ನು ಓದಿ ನೋಡಿದರು. ಜನ ಸಂತೋಷದಿಂದ ಕೆಲಸ ಮಾಡಿದ ದಿನಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಂಡದ್ದು ಒಂದೇ: ತಮಗೆ ಮುಖ್ಯ ಅನ್ನಿಸಿದ ಕೆಲಸ ಅವತ್ತು ಸ್ವಲ್ಪ ಮುಂದೆ ಹೋಗಿತ್ತು. ಕೆಲಸ ಹಿಂದೆ ಸರಿದ ದಿನ ಮನಸ್ಸೂ ಕುಗ್ಗಿತ್ತು. ಹಾಗಾದರೆ ಮ್ಯಾನೇಜರ್ ಬೆಳಿಗ್ಗೆ ಬಂದು ಕೇಳಬೇಕಾದ ಪ್ರಶ್ನೆ "ಎಲ್ಲಿಗೆ ಬಂತು?" ಅನ್ನುವುದಕ್ಕಿಂತ "ಎಲ್ಲಿ ಸಿಕ್ಕಿಹಾಕಿಕೊಂಡಿದೆ, ನಾನೇನು ಮಾಡಲಿ?" ಎಂಬುದು.

ಹಂತ 6: ಕೆಲಸವನ್ನೇ ಸ್ವಲ್ಪ ತಿದ್ದಿ

ಮೊದಲ ಬದಲಾವಣೆ ಆದ ಮೇಲೆ ನಿಧಾನವಾಗಿ ಇದಕ್ಕೆ ಬನ್ನಿ. ಮೂರು ಕಡೆ ಕೈ ಹಾಕಬಹುದು.

ಸ್ವಾತಂತ್ರ್ಯ. ಏನು ಬೇಕು, ಯಾವಾಗ ಬೇಕು, ಯಾವುದಕ್ಕೆ ಕೇಳಲೇಬೇಕು ಅಂತ ಸ್ಪಷ್ಟವಾಗಿ ಹೇಳಿ. ಹೇಗೆ ಮಾಡಬೇಕು ಎಂಬುದನ್ನು ಅವರಿಗೆ ಬಿಡಿ. ಬಿಟ್ಟ ಮೇಲೆ ದಿನಕ್ಕೆ ನಾಲ್ಕು ಸಲ ಇಣುಕಬೇಡಿ. ಅವರ ದಾರಿ ನಿಮ್ಮದಕ್ಕಿಂತ ಬೇರೆ ಇರುತ್ತದೆ. ಫಲ ಸರಿಯಾಗಿದ್ದರೆ ಅದು ಸಾಕು.

ಕೆಲಸದ ತುದಿ ಕಾಣುವುದು. ದಿನಕ್ಕೆ ನೂರಾರು ಅರ್ಜಿ ನೋಡುವವರಿಗೆ ಆಮೇಲೆ ಆ ಅರ್ಜಿ ಏನಾಯಿತು ಅಂತ ಗೊತ್ತೇ ಆಗುವುದಿಲ್ಲ. ಇದು ಮನಸ್ಸನ್ನು ಒಣಗಿಸುತ್ತದೆ. ಸಂಶೋಧಕ ಆಡಮ್ ಗ್ರಾಂಟ್ ಮತ್ತು ಸಂಗಡಿಗರು ಒಂದು ವಿಶ್ವವಿದ್ಯಾಲಯದ ಕಾಲ್‌ ಸೆಂಟರ್‌ನಲ್ಲಿ ಒಂದು ಪ್ರಯೋಗ ಮಾಡಿ 2007ರಲ್ಲಿ ಪ್ರಕಟಿಸಿದರು. ಅಲ್ಲಿಯವರ ಕೆಲಸ ಹಳೆ ವಿದ್ಯಾರ್ಥಿಗಳಿಗೆ ಫೋನ್ ಮಾಡಿ ದೇಣಿಗೆ ಕೇಳುವುದು. ಅವರಲ್ಲಿ ಒಂದು ಗುಂಪಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬರನ್ನು ಕೆಲವು ನಿಮಿಷ ಭೇಟಿ ಮಾಡಿಸಿದರು. ಒಂದು ತಿಂಗಳ ಬಳಿಕ ನೋಡಿದರೆ, ಭೇಟಿ ಮಾಡಿದ ಗುಂಪು ಫೋನಿನಲ್ಲಿ ಕಳೆದ ಸಮಯವೂ ತಂದ ಹಣವೂ ಬಹಳ ಹೆಚ್ಚಾಗಿತ್ತು. ಸಂಬಳ ಬದಲಾಗಿರಲಿಲ್ಲ. ನಿಮ್ಮ ತಂಡದ ಕೆಲಸ ಕೊನೆಗೆ ಯಾರಿಗೆ ತಲುಪುತ್ತದೋ ಅವರನ್ನು ಒಮ್ಮೆ ಕರೆಸಿ. ಆಗದಿದ್ದರೆ ಗ್ರಾಹಕರು ಬರೆದ ನಾಲ್ಕು ಸಾಲನ್ನಾದರೂ ಆ ಕೆಲಸ ಮಾಡಿದವರಿಗೆ ತಲುಪಿಸಿ.

ಮೆಚ್ಚುಗೆ. "ಗುಡ್ ಜಾಬ್" ಯಾರ ಕಿವಿಗೂ ಇಳಿಯುವುದಿಲ್ಲ. ಏನು ಮಾಡಿದ್ದು, ಅದರಿಂದ ಏನಾಯಿತು ಅಂತ ಹೇಳಿ: "ನಿನ್ನೆ ಆ ಬಿಲ್‌ನ ವ್ಯತ್ಯಾಸವನ್ನು ನೀವು ಕಳಿಸುವ ಮುಂಚೆಯೇ ಹಿಡಿದಿರಿ. ಇಲ್ಲದಿದ್ದರೆ ತಿಂಗಳ ಕೊನೆಗೆ ಇಡೀ ಲೆಕ್ಕ ಮತ್ತೆ ಮಾಡಬೇಕಿತ್ತು." ಅದೇ ದಿನ ಅಥವಾ ಮರುದಿನ ಹೇಳಿ. ಎಲ್ಲರ ಮುಂದೆ ಹೊಗಳಿದರೆ ಮುಜುಗರಪಡುವವರೂ ಇದ್ದಾರೆ, ಅವರಿಗೆ ಒಂದು ಚೀಟಿ ಸಾಕು.

ಬಹುಮಾನಗಳ ಬಗ್ಗೆ ಎಚ್ಚರ ಇರಲಿ. ಡೆಸಿ 1971ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಗಟು ಬಿಡಿಸಲು ಹಣ ಪಡೆದ ವಿದ್ಯಾರ್ಥಿಗಳು ಹಣ ನಿಂತ ಮೇಲೆ ಆ ಒಗಟಿನಲ್ಲಿ ಆಸಕ್ತಿ ಕಳೆದುಕೊಳ್ಳುವ ಕಡೆ ವಾಲಿದರು. ಇಷ್ಟಪಟ್ಟು ಮಾಡುವ ಕೆಲಸಕ್ಕೆಲ್ಲ "ಹೀಗೆ ಮಾಡಿದರೆ ಇಷ್ಟು" ಅಂತ ದರ ಕಟ್ಟಿದರೆ ಇಷ್ಟ ಹೋಗಿ ದರ ಮಾತ್ರ ಉಳಿಯಬಹುದು. ನ್ಯಾಯವಾದ ಸಂಬಳ ಬೇರೆ, ಅದರಲ್ಲಿ ರಾಜಿ ಬೇಡ. "ತಿಂಗಳ ಉತ್ತಮ ಉದ್ಯೋಗಿ" ಥರದ ಸ್ಪರ್ಧೆಗಳನ್ನು ಹುರುಪು ಕುಂದಿದ ತಂಡದಲ್ಲಿ ಶುರು ಮಾಡದಿರುವುದೇ ಒಳ್ಳೆಯದು. ಒಬ್ಬರು ಗೆಲ್ಲುತ್ತಾರೆ, ಉಳಿದವರು ಮತ್ತೊಮ್ಮೆ ಸೋಲುತ್ತಾರೆ.

ಇಡೀ ತಂಡವೇ ಸೊರಗಿದ್ದರೆ

ಹೆಸರಿಲ್ಲದ ಸರ್ವೆ ಒಂದು ದಾರಿ. ಆದರೆ ಐದಾರು ಜನರ ತಂಡದಲ್ಲಿ ಹೆಸರು ಬರೆಯದಿದ್ದರೂ ಯಾರು ಬರೆದದ್ದು ಅಂತ ಗೊತ್ತಾಗಿಬಿಡುತ್ತದೆ. ಅಲ್ಲಿ ನೇರ ಮಾತೇ ವಾಸಿ, ಅಥವಾ ನಿಮಗಿಂತ ಮೇಲಿನವರು ಬಂದು ಮಾತಾಡಲಿ. ಸಮಸ್ಯೆ ನೀವೇ ಆಗಿದ್ದರೆ ಅದನ್ನು ನಿಮ್ಮ ಮುಂದೆ ಹೇಳುವುದು ಅವರಿಗೆ ಕಷ್ಟ. ಸರ್ವೆ ಮಾಡಿದರೆ ಎರಡು ವಾರದೊಳಗೆ ಫಲಿತಾಂಶವನ್ನು ಎಲ್ಲರ ಮುಂದಿಡಿ, ಕೆಟ್ಟ ಉತ್ತರಗಳ ಸಮೇತ. ಯಾವುದನ್ನು ಸರಿಮಾಡುತ್ತೀರಿ, ಯಾವುದು ಆಗುವುದಿಲ್ಲ, ಯಾಕೆ ಆಗುವುದಿಲ್ಲ ಅಂತ ಹೇಳಿ. ಏನೂ ಮಾಡುವ ಉದ್ದೇಶ ಇಲ್ಲದಿದ್ದರೆ ಸರ್ವೆ ಮಾಡಲೇಬೇಡಿ.

ಕೆಲಸದಿಂದ ಕೆಲವರನ್ನು ತೆಗೆದ ಮೇಲೆ, ಇನ್ಕ್ರಿಮೆಂಟ್ ನಿಲ್ಲಿಸಿದ ಮೇಲೆ ತಂಡ ಸೊರಗುವುದು ಸಹಜ. ಆಗ ಸುಳ್ಳು ಧೈರ್ಯ ಬೇಡ. ಗೊತ್ತಿರುವುದನ್ನು ಹೇಳಿ, ಇನ್ನೂ ತೀರ್ಮಾನ ಆಗದ್ದು ಯಾವಾಗ ಗೊತ್ತಾಗುತ್ತದೆ ಅಂತ ಹೇಳಿ. ಹೋದವರ ಕೆಲಸವನ್ನು ಇದ್ದವರಿಗೆ ಸುಮ್ಮನೆ ಹಂಚಬೇಡಿ. ಯಾವ ಕೆಲಸ ಕೈಬಿಡುತ್ತೇವೆ ಅಂತ ಪಟ್ಟಿ ಮಾಡಿ. ಜನರ ಕಂಪ್ಯೂಟರ್ ಪರದೆಯನ್ನು ಕಾಯುವ ಸಾಫ್ಟ್‌ವೇರ್ ಹಾಕುವ ಯೋಚನೆ ಈ ಸಮಯದಲ್ಲಿ ಬಂದರೆ ಅಲ್ಲಿಗೇ ಬಿಡಿ. ಉಳಿದಿದ್ದ ನಂಬಿಕೆಯನ್ನೂ ಅದು ತಿಂದುಹಾಕುತ್ತದೆ.

ಹಂತ 7: ಮತ್ತೆ ಕೂತು ನೋಡಿ

ಎರಡು ವಾರಕ್ಕೆ ಹತ್ತು ನಿಮಿಷದ ಮಾತು, ಆರು ವಾರಕ್ಕೆ ಮತ್ತೊಮ್ಮೆ ಪೂರ್ತಿ ಮಾತು. ಹಳೆ ಟಿಪ್ಪಣಿ ತೆಗೆದು, ನೀವು ಮಾಡುತ್ತೇನೆ ಅಂದದ್ದು ಆಯಿತೇ ಅಂತ ಮೊದಲು ನೋಡಿ. ಅವರ ಬದಲಾವಣೆ ಕೇಳುವ ಮುಂಚೆ ನಿಮ್ಮ ಲೆಕ್ಕ ಕೊಡಿ. ಬದಲಾವಣೆ ಸಣ್ಣದಾಗಿಯೇ ಶುರುವಾಗುತ್ತದೆ: ಮೀಟಿಂಗ್‌ನಲ್ಲಿ ಒಂದು ಪ್ರಶ್ನೆ, ಒಂದು ಆಕ್ಷೇಪ, ಹೊಸಬರಿಗೆ ಮಾಡಿದ ಸಹಾಯ.

ಮೂರು ತಿಂಗಳಾದರೂ ಏನೂ ಬದಲಾಗದಿದ್ದರೆ, ಆ ಕೆಲಸ ಅವರಿಗೆ ಹೊಂದುತ್ತಿಲ್ಲದಿರಬಹುದು. ಕಂಪನಿಯೊಳಗೆ ಬೇರೆ ಕೆಲಸ ಇದೆಯೇ ಅಂತ ಅವರ ಜೊತೆಯೇ ಕೂತು ಹುಡುಕಿ. ಕೆಲಸದ ಗುಣಮಟ್ಟ ನಿಜಕ್ಕೂ ಕೆಳಗಿಳಿದಿದ್ದರೆ ಅದನ್ನು ಬೇರೆಯಾಗಿ, ನಿಯಮದ ಪ್ರಕಾರ, ನೇರವಾಗಿ ಹೇಳಿ. ವಿಶ್ವಾಸದಿಂದ ಹೇಳಿಕೊಂಡ ಮಾತನ್ನು ಆ ಫೈಲಿಗೆ ಸೇರಿಸಬೇಡಿ. ಅವರೇ ಬಿಟ್ಟು ಹೋಗಲು ತೀರ್ಮಾನಿಸಿದರೆ ಮರ್ಯಾದೆಯಿಂದ ಕಳಿಸಿಕೊಡಿ. ಹೋಗುವ ಮುಂಚೆ ಒಮ್ಮೆ ಕೂತು, ಅವರ ಜಾಗಕ್ಕೆ ಬರುವವರಿಗಾಗಿ ಈ ಕೆಲಸದಲ್ಲಿ ಏನು ಬದಲಾಗಬೇಕು ಅಂತ ಕೇಳಿ ಬರೆದುಕೊಳ್ಳಿ. ಹೊಸಬರು ಸೇರುವ ದಿನದೊಳಗೆ ಆ ಪಟ್ಟಿಯಲ್ಲಿ ಒಂದೆರಡನ್ನಾದರೂ ಸರಿಮಾಡಿಡಿ.